ಯುದ್ಧೋತ್ತರ ಮುಂಬಯಿಯ ಚಿತ್ರಕಾರರು

ಕೋಟೆ ಭಾಗದ ಕಚೇರಿಗಳಲ್ಲಿ ದುಡಿಯುವ ನಮ್ಮ ಗುಮಾಸ್ತ ಬಂಧುಗಳೂ, ಆ ಕಚೇರಿಗಳಿಗೆ ಚಹಾ ತಿಂಡಿಗಳನ್ನು ಒದಗಿಸುವ ನಮ್ಮ ಹೋಟೆಲು ಕಾರ್ಮಿಕರೂ ಕಾಲಾಘೋಡಾದ ಹಾದಿಯಲ್ಲಿ ದಿನಕ್ಕೊಮ್ಮೆಯಾದರೂ ನಡೆದುಹೋಗುತ್ತಾರೆ. ಆ ಹಾದಿಯಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ ಇದೆ. ಅದರ ಬಾಗಿಲು ತೆರೆದಿರುತ್ತದೆ. ಆದರೆ ನಮ್ಮವರಲ್ಲಿ ಅದರೊಳಗೆ ಕಾಲಿಟ್ಟವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ಕೇಳುವ ಅಧಿಕಾರ ನಮಗಿದೆ ಎಂದು ಭಾವಿಸುತ್ತೇವೆ. ಏಕೆಂದರೆ ಒಂದು ಕಾಲದಲ್ಲಿ ನಾವೂ ಒಳಗೆ ಹೋಗದವರ ಸಾಲಿನಲ್ಲಿಯೇ ಇದ್ದೆವು.

ಊರಿನಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಮುಂಬಯಿಗೆ ಬಂದ ಹೊಸತರಲ್ಲಿ ನಾವು ಕೋಟೆಯ ಒಂದು ಹೋಟೆಲಿನಲ್ಲಿ ಮಾಣಿಯಾಗಿದ್ದೆವು. ಒಂದು ಕೈಯಲ್ಲಿ ಚಹಾದ ಕಿಟಲಿ, ಇನ್ನೊಂದು ಕೈಯಲ್ಲಿ ಗ್ಲಾಸುಗಳ ತಂತಿಬುಟ್ಟಿ ಹಿಡಿದು ಆ ಬಾಗಿಲಿನ ಮುಂದೆ ಎರಡು ವರ್ಷ ಓಡಾಡಿದೆವು. ಒಳಗೆ ಟಿಕೇಟು ಇರಬಹುದು, ಇಂಗ್ಲಿಷಿನಲ್ಲಿ ಮಾತನಾಡಬೇಕಾಗಬಹುದು, ನಮ್ಮ ರಬ್ಬರು ಚಪ್ಪಲಿಯನ್ನು ಕಂಡು ಯಾರಾದರೂ ನಗಬಹುದು ಎಂಬ ಅಂಜಿಕೆ. ಮಳೆಗಾಲದ ಒಂದು ಮಧ್ಯಾಹ್ನ ಮಳೆ ಬಿಡದೆ ಹೊಡೆದಾಗ ಆ ಕಟ್ಟಡದ ಮಾಡಿನಡಿ ನಿಂತೆವು. ಕಾವಲುಗಾರನೇ ಕರೆದು, “ಹೊರಗೇಕೆ ನೆನೆಯುತ್ತೀಯಾ? ಒಳಗೆ ಹೋಗಿ ನೋಡು, ಟಿಕೇಟು ಇಲ್ಲ” ಎಂದನು. ಒಳಗೆ ಗೋಡೆಯ ಮೇಲೆ ಕೈಗಾಡಿ ಎಳೆಯುವವನೊಬ್ಬನ ಚಿತ್ರವಿತ್ತು. ಮುಖವನ್ನು ಬಿಡಿಸಿ ಬರೆದಿರಲಿಲ್ಲ. ಆದರೆ ಬೆನ್ನು ಬಾಗಿದ ರೀತಿಯನ್ನು ಕಂಡೊಡನೆ, ಆ ದಿನ ಬೆಳಿಗ್ಗೆ ಅಕ್ಕಿಮೂಟೆ ಇಳಿಸಿದ ನಮ್ಮ ಬೆನ್ನಿನ ನೋವು ಮರುಕಳಿಸಿದಂತಾಯಿತು. ಬರೆದವರು ಯಾರೆಂದು ವಿಚಾರಿಸುವಷ್ಟು ತಿಳಿವಳಿಕೆ ಆಗ ನಮಗಿರಲಿಲ್ಲ. ಇಂತಹ ಚಿತ್ರವನ್ನು ಬರೆಯುವ ಪದ್ಧತಿ ಈ ನಗರದಲ್ಲಿ ಹೇಗೆ ಹುಟ್ಟಿತು ಎಂಬ ಕುತೂಹಲ ಮಾತ್ರ ಅಂದಿನಿಂದ ನಮ್ಮನ್ನು ಬಿಡಲಿಲ್ಲ.

ಆ ಕುತೂಹಲದಿಂದ ಓದಿ, ಕೇಳಿ, ನೋಡಿ ತಿಳಿದುದನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ. ೧೯೪೭ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ‘ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್’ ಅಥವಾ ಪ್ರಗತಿಶೀಲ ಕಲಾವಿದರ ಸಂಘವನ್ನು ಕಟ್ಟಿದವರು ದೊಡ್ಡ ಮನೆತನದ ವಿಲಾಸಿಗಳಲ್ಲ; ಹೊಟ್ಟೆಪಾಡಿಗಾಗಿಯೂ ವಿದ್ಯೆಗಾಗಿಯೂ ಊರು ಬಿಟ್ಟು ಬಂದವರು. ಅವರ ಚಿತ್ರಗಳನ್ನು ರೂಪಿಸಿದುದು ಎರಡನೆಯ ಮಹಾಯುದ್ಧ ಮತ್ತು ಅದರ ಬೆನ್ನಿಗೇ ಬಂದ ಬದಲಾವಣೆಗಳು. ನಮ್ಮ ಹಿರಿಯರನ್ನು ಹೋಟೆಲುಗಳಿಗೂ ಕಚೇರಿಗಳಿಗೂ ತಂದು ನಿಲ್ಲಿಸಿದುದು ಅದೇ ಕಾಲ, ಅದೇ ನಗರ.

ಯುದ್ಧ ತಂದ ಮಾರ್ಪಾಟು

ಯುದ್ಧವು ೧೯೩೯ರಲ್ಲಿ ಆರಂಭವಾದಾಗ ಮುಂಬಯಿಯ ಮೇಲೆ ಬಾಂಬು ಬೀಳಲಿಲ್ಲ. ಆದರೂ ನಗರ ಯುದ್ಧವನ್ನು ಉಂಡಿತು, ಉಟ್ಟಿತು. ಬಂದರು ಸೈನ್ಯದ ಸಾಮಗ್ರಿಗಳಿಂದ ತುಂಬಿತು. ಗಿರಣಿಗಳು ಹಗಲಿರುಳು ಓಡಿದವು. ಕೆಲಸ ಅರಸಿ ಹಳ್ಳಿಗಳಿಂದ ಬಂದ ಜನರಿಂದ ಚಾಳುಗಳು ಕಿಕ್ಕಿರಿದವು. ಧಾನ್ಯದ ಬೆಲೆ ಏರಿತು. ೧೯೪೩ರಲ್ಲಿ ನಗರಕ್ಕೆ ರೇಶನ್ ಬಂದಿತು. ೧೯೪೪ರ ಏಪ್ರಿಲ್ ೧೪ರಂದು ವಿಕ್ಟೋರಿಯಾ ಡಾಕಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸಿಡಿದು ಬಂದರಿನ ಸುತ್ತಣ ಬೀದಿಗಳು ಬೆಂದವು. ೧೯೪೬ರ ಫೆಬ್ರವರಿಯಲ್ಲಿ ನೌಕಾದಳದ ನಾವಿಕರು ದಂಗೆಯೆದ್ದರು. ಮರುವರ್ಷ ಸ್ವಾತಂತ್ರ್ಯ, ಅದರೊಡನೆಯೇ ದೇಶವಿಭಜನೆ. ಸಿಂಧದಿಂದಲೂ ಪಂಜಾಬದಿಂದಲೂ ನಿರಾಶ್ರಿತರು ಬಂದಿಳಿದರು. ಕಲ್ಯಾಣದ ಬಳಿ ಸೈನ್ಯ ಬಿಟ್ಟುಹೋದ ಬಿಡಾರಗಳೇ ಅವರ ಮನೆಗಳಾಗಿ ಉಲ್ಲಾಸನಗರವೆಂಬ ಊರೇ ಎದ್ದಿತು.

ನಮ್ಮ ಹೋಟೆಲು ಉದ್ಯಮದ ಚರಿತ್ರೆಯನ್ನು ಬಲ್ಲವರಿಗೆ ಈ ವರ್ಷಗಳು ಹೊಸತಲ್ಲ. ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗು ತೆರೆದುದು ೧೯೪೨ರಲ್ಲಿ, ಯುದ್ಧದ ನಡುವೆಯೇ. ಮನೆ ಬಿಟ್ಟು ಬಂದ ಗುಮಾಸ್ತನಿಗೆ ಮನೆಯಂತಹ ಊಟ ಬೇಕಾಗಿತ್ತು. ಊರಿನ ಹುಡುಗನಿಗೆ ಕೆಲಸ ಬೇಕಾಗಿತ್ತು. ಒಬ್ಬನ ಹಸಿವು ಇನ್ನೊಬ್ಬನ ಅನ್ನವಾಯಿತು.

ಚಿತ್ರಕಲೆಯ ಕ್ಷೇತ್ರದಲ್ಲಿಯೂ ಹಳೆಯ ಅನ್ನದಾತರು ಮರೆಯಾಗುತ್ತಿದ್ದರು. ಮುಂಬಯಿಯ ಸರ್ ಜೆ.ಜೆ. ಕಲಾಶಾಲೆ ೧೮೫೭ರಲ್ಲಿಯೂ ಬಾಂಬೆ ಆರ್ಟ್ ಸೊಸೈಟಿ ೧೮೮೮ರಲ್ಲಿಯೂ ಸ್ಥಾಪಿತವಾದವು. ಅಲ್ಲಿ ಬೆಳೆದುದು ಬಹುಮಟ್ಟಿಗೆ ಆಂಗ್ಲ ಪದ್ಧತಿ. ಇದ್ದುದನ್ನು ಇದ್ದಂತೆ, ಕಣ್ಣಿಗೆ ಕಟ್ಟುವಂತೆ ಬರೆಯಬೇಕು. ಕೊಳ್ಳುವವರು ಆಂಗ್ಲ ಅಧಿಕಾರಿಗಳು, ಸಂಸ್ಥಾನಿಕರು, ತಮ್ಮ ಹಿರಿಯರ ಭಾವಚಿತ್ರವನ್ನು ಬರೆಯಿಸುವ ಶ್ರೀಮಂತರು. ಇದಕ್ಕೆ ಪ್ರತಿಯಾಗಿ ಬಂಗಾಲದವರು ಅಜಂತಾ ಮತ್ತು ಮೊಗಲರ ಪರಂಪರೆಯನ್ನು ಸ್ಮರಿಸಿ, ಪುರಾಣಕಥೆಗಳನ್ನು ನವುರಾದ ಬಣ್ಣಗಳಲ್ಲಿ ಬರೆಯುವ ಇನ್ನೊಂದು ಪದ್ಧತಿಯನ್ನು ಬೆಳೆಸಿದ್ದರು. ೧೯೪೭ರಲ್ಲಿ ಆಂಗ್ಲ ಅಧಿಕಾರಿ ಹಡಗು ಹತ್ತಿದನು. ಮುಂದಿನ ಒಂದೆರಡು ವರ್ಷಗಳಲ್ಲಿ ಸಂಸ್ಥಾನಗಳು ವಿಲೀನವಾದವು. ಕ್ಷಾಮವನ್ನೂ ಬೆಂಕಿಯನ್ನೂ ಕೊಲೆಯನ್ನೂ ಕಂಡ ತರುಣನಿಗೆ ರಾಜರ ಭಾವಚಿತ್ರವೂ ಸಾಲದು, ನವುರಾದ ಪುರಾಣವೂ ಸಾಲದು ಎನಿಸಿತು.

ಹೀಗೆನಿಸಿದ್ದು ಮುಂಬಯಿಯಲ್ಲಿ ಮಾತ್ರವಲ್ಲ. ಬಂಗಾಲದ ಭೀಕರ ಕ್ಷಾಮದ ವರ್ಷವಾದ ೧೯೪೩ರಲ್ಲಿ ಕಲಕತ್ತೆಯಲ್ಲಿ ‘ಕ್ಯಾಲ್ಕಟಾ ಗ್ರೂಪ್’ ಹುಟ್ಟಿತು. ೧೯೪೪ರಲ್ಲಿ ಮದರಾಸಿನಲ್ಲಿ ಪ್ರಗತಿಶೀಲ ಚಿತ್ರಕಾರರ ಸಂಘ, ೧೯೪೯ರಲ್ಲಿ ದಿಲ್ಲಿಯಲ್ಲಿ ‘ಶಿಲ್ಪಿ ಚಕ್ರ’. ಪ್ರತಿಯೊಂದೂ ತನ್ನ ತನ್ನ ಪ್ರದೇಶದ ಸಂಕಟಕ್ಕೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿತು.

ಆಶ್ರಯ ಅರಸಿ ಬಂದ ಮೂವರು

ಮುಂಬಯಿಯ ಉತ್ತರಕ್ಕೆ ಒಂದು ವಿಶೇಷವಿದೆ. ಹಿಟ್ಲರನ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದ ಯುರೋಪಿನ ಕೆಲವರು ಈ ನಗರದಲ್ಲಿ ನೆಲೆ ನಿಂತರು. ಆಸ್ಟ್ರಿಯಾದ ಚಿತ್ರಕಾರ ವಾಲ್ಟರ್ ಲಾಂಗ್‌ಹ್ಯಾಮರ್ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯ ಕಲಾನಿರ್ದೇಶಕರಾದರು. ಜರ್ಮನಿಯಿಂದ ಬಂದ ರುಡಾಲ್ಫ್ ಫಾನ್ ಲೈಡನ್ ಅದೇ ಪತ್ರಿಕೆಯಲ್ಲಿ ಕಲಾವಿಮರ್ಶೆ ಬರೆದರು. ವಿಯೆನ್ನಾದ ಇಮ್ಯಾನುಯೆಲ್ ಶ್ಲೆಸಿಂಗರ್ ಇಲ್ಲಿ ಔಷಧದ ಉದ್ಯಮ ಕಟ್ಟಿ, ಬಂದ ಹಣದಲ್ಲಿ ಚಿತ್ರಗಳನ್ನು ಕೊಳ್ಳತೊಡಗಿದರು.

ಒಬ್ಬರು ಕಲಿಸಿದರು, ಒಬ್ಬರು ಬರೆದು ಜನಕ್ಕೆ ತಿಳಿಸಿದರು, ಒಬ್ಬರು ಹಣ ಕೊಟ್ಟು ಕೊಂಡರು. ಲಾಂಗ್‌ಹ್ಯಾಮರರ ನೇಪಿಯನ್ ಸೀ ರಸ್ತೆಯ ಮನೆಯಲ್ಲಿ ಮುಂಬಯಿಯ ತರುಣ ಚಿತ್ರಕಾರರು ಕೂಡುತ್ತಿದ್ದರು. ಯುರೋಪಿನ ಹೊಸ ಚಿತ್ರಕಾರರ ಕೃತಿಗಳ ಅಚ್ಚುಗಳನ್ನು ಅವರು ಕಂಡುದು ಇಂತಹ ಕೂಟಗಳಲ್ಲಿ. ದೇಶ ಕಳೆದುಕೊಂಡ ಪರದೇಶಿಯೂ, ಊರು ಬಿಟ್ಟು ಬಂದ ದೇಶೀಯನೂ ಒಂದೇ ಮೇಜಿನ ಸುತ್ತ ಕುಳಿತಾಗ ಹುಟ್ಟಿದ ಮಾತು ಇದು. ಯುದ್ಧವಿಲ್ಲದಿದ್ದರೆ ಈ ಮೇಜು ಕೂಡುತ್ತಿರಲಿಲ್ಲ.

ಆರು ಮಂದಿ, ಆರು ಊರು

ಸಂಘವನ್ನು ಕಟ್ಟಿದವರು ಆರು ಮಂದಿ. ಆ ಆರರಲ್ಲಿ ಒಬ್ಬನೂ ಮುಂಬಯಿಯಲ್ಲಿ ಹುಟ್ಟಿದವನಲ್ಲ ಎಂಬುದನ್ನು ವಾಚಕರು ವಿಶೇಷವಾಗಿ ಗಮನಿಸಬೇಕು.

ಮುಂದಾಳು ಫ್ರಾನ್ಸಿಸ್ ನ್ಯೂಟನ್ ಸೋಜಾ, ಗೋವೆಯ ಸಾಲಿಗಾಂವದವರು. ತಂದೆ ಬೇಗನೆ ತೀರಿದ ಮೇಲೆ ತಾಯಿ ಮುಂಬಯಿಯಲ್ಲಿ ಬಟ್ಟೆ ಹೊಲಿದು ಮಗನನ್ನು ಸಾಕಿದರು. ಸ್ವಾತಂತ್ರ್ಯ ಚಳವಳಿಯಲ್ಲಿ ಸೇರಿ ೧೯೪೫ರಲ್ಲಿ ಜೆ.ಜೆ. ಕಲಾಶಾಲೆಯಿಂದ ಹೊರಬಿದ್ದ ಸೋಜಾ, ಕೆಲಕಾಲ ಕಮ್ಯುನಿಸ್ಟ್ ಪಕ್ಷದಲ್ಲಿಯೂ ಇದ್ದರು. ಸೈಯದ್ ಹೈದರ್ ರಜಾ ಮಧ್ಯಪ್ರಾಂತದ ಮಂಡ್ಲಾ ಜಿಲ್ಲೆಯ ಕಾಡಿನ ಅಂಚಿನ ಹಳ್ಳಿಯವರು, ಅರಣ್ಯ ಇಲಾಖೆಯ ನೌಕರರೊಬ್ಬರ ಮಗ. ಮುಂಬಯಿಗೆ ಬಂದು ಮುದ್ರಣದ ಬ್ಲಾಕು ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತ ಕಲಿತರು. ಪಂಢರಪುರದಲ್ಲಿ ಹುಟ್ಟಿ ಇಂದೂರಿನಲ್ಲಿ ಬೆಳೆದ ಮಕಬೂಲ್ ಫಿದಾ ಹುಸೇನ್ ಸಿನೇಮಾ ಫಲಕಗಳನ್ನು ಬರೆದರು. ಚದರ ಅಡಿಗೆ ಇಷ್ಟು ಆಣೆ ಎಂಬ ಕೂಲಿ. ಅನಂತರ ಮಕ್ಕಳ ಆಟಿಕೆಗಳಿಗೂ ಪೀಠೋಪಕರಣಗಳಿಗೂ ನಕಾಶೆ ಬರೆದು ಸಂಸಾರ ಸಾಗಿಸಿದರು. ಹರಿ ಅಂಬಾದಾಸ ಗಾಡೆ ವಿದರ್ಭದವರು, ವಿಜ್ಞಾನ ಓದಿದವರು. ಶಿಲ್ಪಿ ಸದಾನಂದ ಬಾಕ್ರೆ ಬಡೋದೆಯಲ್ಲಿ ಹುಟ್ಟಿದವರು.

ಆರನೆಯವರು ಕೃಷ್ಣಾಜಿ ಹೌಲಾಜಿ ಆರಾ. ನಮ್ಮ ವಾಚಕರು ಬೇರೆಲ್ಲವನ್ನು ಮರೆತರೂ ಈ ಹೆಸರನ್ನು ನೆನಪಿಡಬೇಕೆಂದು ನಮ್ಮ ಅಪೇಕ್ಷೆ. ಸಿಕಂದರಾಬಾದಿನ ಬಳಿಯ ಬೊಲಾರಂನಲ್ಲಿ ೧೯೧೪ರಲ್ಲಿ ಹುಟ್ಟಿದ ಆರಾ, ಮೋಟಾರು ಚಾಲಕರೊಬ್ಬರ ಮಗ. ಎಳೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು ಮುಂಬಯಿಗೆ ಓಡಿಬಂದು ಯುರೋಪಿಯನರ ಮನೆಯಲ್ಲಿ ಕೆಲಸದ ಹುಡುಗನಾದರು. ಮುಂದೆ ಜಪಾನೀ ವ್ಯಾಪಾರ ಸಂಸ್ಥೆಯೊಂದರಲ್ಲಿ ಮೋಟಾರು ತೊಳೆಯುವ ಕೆಲಸ ಮಾಡಿದರು. ಉಪ್ಪಿನ ಸತ್ಯಾಗ್ರಹದಲ್ಲಿ ಸೇರಿ ಸೆರೆಮನೆ ಕಂಡರು. ಕೆಲಸ ಮುಗಿದ ಮೇಲೆ ತಮ್ಮಷ್ಟಕ್ಕೆ ಚಿತ್ರ ಬರೆಯುತ್ತಿದ್ದ ಈ ಮನುಷ್ಯನನ್ನು ಗುರುತಿಸಿ ಬೆನ್ನು ತಟ್ಟಿದವರು ಫಾನ್ ಲೈಡನ್. ೧೯೪೪ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಪ್ರದರ್ಶನದಲ್ಲಿ ಆರಾ ಅವರ ಮರಾಠಾ ಯುದ್ಧದ ಚಿತ್ರಕ್ಕೆ ಗವರ್ನರರ ಬಹುಮಾನ ಬಂದಿತು. ಆರಾ ಬಹುವಾಗಿ ಬರೆದುದು ಹೂದಾನಿಗಳನ್ನು, ಹಣ್ಣುಗಳನ್ನು, ಮೇಜಿನ ಮೇಲಿನ ಪಾತ್ರೆಗಳನ್ನು. ಮನೆಗೆಲಸದವನು ದಿನವೂ ಒರೆಸಿ, ಜೋಡಿಸಿ, ತೆಗೆದಿಡುವ ವಸ್ತುಗಳೇ ಅವು. ಯಜಮಾನ ಕಣ್ಣೆತ್ತಿ ನೋಡದ ಹೂದಾನಿಯನ್ನು ಕೆಲಸದವನು ನೋಡಿದ್ದನು.

ದರ್ಜಿಯ ಮಗ, ಅರಣ್ಯನೌಕರನ ಮಗ, ಫಲಕ ಬರೆಯುವವನು, ಮೋಟಾರು ತೊಳೆಯುವವನು. ಕ್ರೈಸ್ತ, ಮುಸಲ್ಮಾನ, ಹಿಂದು. ಇವರನ್ನು ಒಂದೆಡೆ ಕೂಡಿಸಬಲ್ಲ ಊರು ಆಗ ಮುಂಬಯಿಯಾಗಿತ್ತು.

ವಿಭಜನೆಯ ಗಾಯ

೧೯೪೭ರಲ್ಲಿ ಸಂಘ ಹುಟ್ಟಿತೆಂದರೆ ದೇಶ ಎರಡಾದ ವರ್ಷವೇ ಹುಟ್ಟಿತು. ರಜಾ ಅವರ ಒಡಹುಟ್ಟಿದವರು ಪಾಕಿಸ್ತಾನಕ್ಕೆ ಹೋದರು. ರಜಾ ಇಲ್ಲಿಯೇ ಉಳಿದರು. ಸಂಘದ ಆಪ್ತವಲಯದಲ್ಲಿದ್ದ ತಯ್ಯಬ್ ಮೆಹ್ತಾ, ಗಲಭೆಯ ದಿನಗಳಲ್ಲಿ ಮಹಮ್ಮದಾಲಿ ರಸ್ತೆಯ ತಮ್ಮ ಮನೆಯಿಂದ, ಬೀದಿಯಲ್ಲಿ ಜನರ ಗುಂಪು ಒಬ್ಬನನ್ನು ಹೊಡೆದು ಕೊಂದುದನ್ನು ಕಣ್ಣಾರೆ ಕಂಡರು. ಆ ದೃಶ್ಯ ಅವರನ್ನು ಜೀವಮಾನವಿಡೀ ಬಿಡಲಿಲ್ಲ. ಕಾಲು ಕಟ್ಟಿ ಕೆಡೆದ ಹೋರಿ, ಕೆಳಗೆ ಬೀಳುತ್ತಿರುವ ಮನುಷ್ಯ, ತನ್ನ ಗಾಡಿಯಲ್ಲಿಯೇ ಸಿಕ್ಕಿಕೊಂಡಂತಿರುವ ರಿಕ್ಷಾ ಎಳೆಯುವವನು ಎಂಬ ಮೂರು ವಿಷಯಗಳನ್ನು ಅವರು ಮತ್ತೆ ಮತ್ತೆ ಬರೆದರು.

ಗುಮಾಸ್ತ ವಾಚಕರಿಗಾಗಿ ಇನ್ನೊಬ್ಬರ ಕಥೆ ಹೇಳಬೇಕು. ಕೃಷ್ಣ ಖನ್ನಾ ಪಂಜಾಬದವರು. ವಿಭಜನೆಯಲ್ಲಿ ಲಾಹೋರನ್ನು ಬಿಟ್ಟು ಸಿಮ್ಲಾಕ್ಕೆ ಬಂದ ಕುಟುಂಬದವರು. ೧೯೪೮ರಲ್ಲಿ ಗ್ರಿಂಡ್ಲೇಸ್ ಬ್ಯಾಂಕಿನ ಕೆಲಸದ ಮೇಲೆ ಮುಂಬಯಿಗೆ ಬಂದರು. ಹಗಲು ಬ್ಯಾಂಕಿನ ಲೆಕ್ಕ, ಬಿಡುವಿನಲ್ಲಿ ಚಿತ್ರ. ಗಾಂಧೀಜಿಯವರ ಕೊಲೆಯ ಸುದ್ದಿ ಬಂದ ದಿನವನ್ನು ಅವರು ಒಂದು ಚಿತ್ರದಲ್ಲಿ ಬರೆದರು. ಅದರಲ್ಲಿ ಗಾಂಧೀಜಿ ಇಲ್ಲ, ಕೊಲೆಗಾರನೂ ಇಲ್ಲ. ಬೀದಿಯ ದೀಪದ ಬಳಿ ನಿಂತು ಪತ್ರಿಕೆ ಓದುತ್ತಿರುವ ನಾನಾ ಜಾತಿ, ನಾನಾ ಉಡುಪಿನ ಜನ ಮಾತ್ರ ಇದ್ದಾರೆ. ಎಲ್ಲರೂ ಒಂದೇ ಸುದ್ದಿಯನ್ನು ಓದುತ್ತಿದ್ದಾರೆ. ಒಬ್ಬರೂ ಇನ್ನೊಬ್ಬರನ್ನು ನೋಡುತ್ತಿಲ್ಲ. ಪತ್ರಿಕೆ ನಡೆಸುವ ನಮಗೆ ಈ ಚಿತ್ರದಷ್ಟು ಮನಮುಟ್ಟಿದುದು ಬೇರೊಂದಿಲ್ಲ. ಒಂದು ದೇಶ ತನ್ನ ದುಃಖವನ್ನು ಅಕ್ಷರದಲ್ಲಿ ಓದಿ ತಿಳಿಯುವ ಗಳಿಗೆ ಅದು.

ಖನ್ನಾ ಬ್ಯಾಂಕಿನ ಕೆಲಸವನ್ನು ಬಿಟ್ಟುದು ೧೯೬೧ರಲ್ಲಿ. ಅಲ್ಲಿಯವರೆಗೆ ಹದಿಮೂರು ವರ್ಷ ಎರಡೂ ದೋಣಿಗಳಲ್ಲಿ ಕಾಲಿಟ್ಟು ನಡೆದರು. ‘ಕಚೇರಿಯಿಂದ ಬಂದ ಮೇಲೆ ಏನು ಮಾಡಲಿಕ್ಕಾಗುತ್ತದೆ?’ ಎಂದು ನಿಟ್ಟುಸಿರು ಬಿಡುವ ಸ್ನೇಹಿತರು ಇದನ್ನು ಒಮ್ಮೆ ನೆನೆಯಲಿ.

ಎಲ್ಲರೂ ಸಂಕಟವನ್ನೇ ಬರೆದರೆಂದು ತಿಳಿಯಬಾರದು. ೧೯೪೮ರಲ್ಲಿ ದಿಲ್ಲಿಯ ಗವರ್ನಮೆಂಟ್ ಹೌಸಿನಲ್ಲಿ, ಎಂದರೆ ಇಂದಿನ ರಾಷ್ಟ್ರಪತಿ ಭವನದಲ್ಲಿ, ಭಾರತದ ಪ್ರಾಚೀನ ಕಲಾಕೃತಿಗಳ ದೊಡ್ಡ ಪ್ರದರ್ಶನ ನಡೆಯಿತು. ಸೋಜಾ ಮತ್ತು ಹುಸೇನ್ ಅದನ್ನು ನೋಡಲು ಹೋದರು. ಮಥುರೆಯ ಶಿಲ್ಪಗಳ ಮೈಕಟ್ಟು, ಬಸೋಲಿಯ ಪಹಾಡೀ ಚಿತ್ರಗಳ ಗಾಢವಾದ ಬಣ್ಣ ಅವರನ್ನು ಬೆರಗುಗೊಳಿಸಿದವು. ಹುಸೇನರ ಚಿತ್ರಗಳಲ್ಲಿ ಹಳ್ಳಿಯ ಹೆಂಗಸು, ಎತ್ತು, ಗಾಡಿ, ಬೀಸುವ ಕಲ್ಲು ತುಂಬಿಕೊಂಡುದು ಆಮೇಲೆ. ಅವರ ‘ಜಮೀನ್’ ಎಂಬ ಚಿತ್ರಕ್ಕೆ ೧೯೫೫ರಲ್ಲಿ ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ ಬಂದಿತು. ಹೊಸತನ್ನು ಹುಡುಕಿ ಹೊರಟವರು ತಮ್ಮ ಮನೆಯ ಅಟ್ಟದಲ್ಲಿಯೇ ಅರ್ಧ ಸಾಮಗ್ರಿಯನ್ನು ಕಂಡುಕೊಂಡಂತಾಯಿತು.

ಕೊಳ್ಳುವವರು ಬದಲಾದರು

ಚಿತ್ರ ಬರೆದರೆ ಸಾಲದು, ಅದು ಯಾರದಾದರೂ ಗೋಡೆಗೆ ಹೋಗಬೇಕು. ಅಡಿಗೆ ಮಾಡಿದವನಿಗೆ ಉಣ್ಣುವವನು ಬೇಕಾದಂತೆ. ಸಂಘ ತನ್ನ ಮೊದಲ ದೊಡ್ಡ ಪ್ರದರ್ಶನವನ್ನು ಮುಂಬಯಿಯಲ್ಲಿ ನಡೆಸಿದುದು ೧೯೪೯ರಲ್ಲಿ, ರಾಂಪಾರ್ಟ್ ರೋವಿನಲ್ಲಿದ್ದ ಬಾಂಬೆ ಆರ್ಟ್ ಸೊಸೈಟಿಯ ಸಭಾಂಗಣದಲ್ಲಿ. ಕಾದಂಬರಿಕಾರ ಮುಲ್ಕ್‌ರಾಜ್ ಆನಂದರು ಅದನ್ನು ಉದ್ಘಾಟಿಸಿದರು. ಆಗ ನಗರದಲ್ಲಿ ಚಿತ್ರಕ್ಕೆಂದೇ ಮೀಸಲಾದ ಸ್ಥಳಗಳು ವಿರಳ. ಕಾಲಾಘೋಡಾದ ಚೇತನಾ ಎಂಬ ಶಾಕಾಹಾರಿ ಉಪಾಹಾರಗೃಹದಲ್ಲಿಯೂ ಚಿತ್ರಗಳನ್ನು ತೂಗುಹಾಕುತ್ತಿದ್ದರು. ಹೋಟೆಲಿನ ಗೋಡೆ ಕಲೆಗೆ ಆಸರೆಯಾಯಿತೆಂಬುದು ನಮ್ಮ ಉದ್ಯಮಕ್ಕೆ ಗೌರವದ ಸಂಗತಿ. ಚೌಕಟ್ಟಿನ ಅಂಗಡಿಯವರೂ ನೆರವಾದರು. ಕೇಕೂ ಗಾಂಧಿಯವರು ೧೯೪೧ರಲ್ಲಿ ಆರಂಭಿಸಿದ ಕೆಮೋಲ್ಡ್ ಎಂಬ ಚೌಕಟ್ಟಿನ ಉದ್ಯಮದವರು ತಮ್ಮ ಅಂಗಡಿಯ ಗಾಜಿನ ಕಿಟಕಿಯಲ್ಲಿ ಈ ತರುಣರ ಚಿತ್ರಗಳನ್ನು ಇಡುತ್ತಿದ್ದರು. ೧೯೬೩ರಲ್ಲಿ ಅದೇ ಕೆಮೋಲ್ಡ್ ಜಹಾಂಗೀರ್ ಗ್ಯಾಲರಿಯ ಮಹಡಿಯಲ್ಲಿ ಸ್ವತಂತ್ರ ಕಲಾಗೃಹವಾಯಿತು.

ಹೊಸ ಗಿರಾಕಿಗಳು ಸ್ವತಂತ್ರ ಭಾರತದ ಹೊಸ ಉದ್ಯಮಗಳಿಂದ ಬಂದರು. ೧೯೪೫ರಲ್ಲಿ ಡಾ. ಹೋಮಿ ಭಾಭಾ ಅವರು ಸ್ಥಾಪಿಸಿದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ಪಾಲನ್ನು ಚಿತ್ರಗಳಿಗಾಗಿ ತೆಗೆದಿಟ್ಟಿತು. ಭಾಭಾ ಸ್ವತಃ ಚಿತ್ರಕಾರರು. ಪರಮಾಣುವಿನ ಶಾಸ್ತ್ರಜ್ಞರು ನಡೆದಾಡುವ ಓಣಿಗಳಲ್ಲಿ ಆರಾ, ಹುಸೇನ್, ಗಾಯ್ತೊಂಡೆಯವರ ಚಿತ್ರಗಳು ತೂಗಿದವು. ಏರ್ ಇಂಡಿಯಾ ವಿಮಾನ ಸಂಸ್ಥೆಯು ೧೯೫೦ರ ದಶಕದಿಂದ ತನ್ನ ಕಚೇರಿಗಳ ಗೋಡೆಗಳಿಗಾಗಿ ಚಿತ್ರಗಳನ್ನು ಕೊಂಡಿತು. ರಾಜರ ಕಾಲ ಹೋಗಿ ಕಂಪೆನಿಗಳ ಕಾಲ ಬಂದಿತು. ರಾಜನಿಗೆ ತನ್ನ ಮುಖದ ಚಿತ್ರ ಬೇಕಾಗಿತ್ತು. ಕಂಪೆನಿಗೆ ತಾನು ಹೊಸ ಭಾರತದವನೆಂದು ತೋರಿಸುವ ಚಿತ್ರ ಬೇಕಾಯಿತು. ಪ್ರಗತಿಶೀಲರ ಕಲೆ ಬದುಕಿ ಉಳಿದುದಕ್ಕೆ ಈ ಬದಲಾವಣೆ ಬಹುದೊಡ್ಡ ಕಾರಣ.

ಆದರೂ ಮೊದಲ ವರ್ಷಗಳಲ್ಲಿ ಈ ಸಹಾಯ ಎಲ್ಲರಿಗೂ ಸಾಲಲಿಲ್ಲ. ೧೯೪೯ರಲ್ಲಿ ಸೋಜಾ ಅವರ ನಗ್ನ ಚಿತ್ರಗಳ ವಿಷಯದಲ್ಲಿ ದೂರು ಹೋಗಿ ಪೋಲೀಸರು ಬಂದರು. ಅದೇ ವರ್ಷ ಅವರು ಲಂಡನ್ನಿಗೆ ಹೊರಟರು. ೧೯೫೦ರಲ್ಲಿ ರಜಾ ಫ್ರೆಂಚ್ ಸರಕಾರದ ವಿದ್ಯಾರ್ಥಿವೇತನದ ಮೇಲೆ ಪ್ಯಾರಿಸಿಗೂ, ೧೯೫೧ರಲ್ಲಿ ಬಾಕ್ರೆ ಲಂಡನ್ನಿಗೂ ಹೋದರು. ವಾಸುದೇವ ಗಾಯ್ತೊಂಡೆ, ಖನ್ನಾ, ಮೋಹನ ಸಾಮಂತ ಮೊದಲಾದವರು ಸೇರಿ ಸಂಘವನ್ನು ಕೆಲಕಾಲ ನಡೆಸಿದರು. ೧೯೫೬ರಲ್ಲಿ ಅದು ವಿಸರ್ಜನೆಯಾಯಿತು. ಒಂಬತ್ತು ವರ್ಷಗಳ ಆಯುಸ್ಸು. ಅಷ್ಟರಲ್ಲಿ ಭಾರತದ ಚಿತ್ರಕಲೆಯ ದಾರಿ ಬದಲಾಗಿತ್ತು.

ಕಟ್ಟಿಂಗೇರಿಯ ಹೆಬ್ಬಾರರು

ಈ ಸಂಘದ ಸದಸ್ಯರಲ್ಲದಿದ್ದರೂ ಅದೇ ಕಾಲದಲ್ಲಿ, ಅದೇ ನಗರದಲ್ಲಿ, ತಮ್ಮದೇ ದಾರಿ ಹಿಡಿದು ನಡೆದ ಒಬ್ಬರು ನಮ್ಮವರು. ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ೧೯೧೧ರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಜನಿಸಿದರು. ಮುಂಬಯಿಗೆ ಬಂದು ಕಷ್ಟಪಟ್ಟು ಕಲಿತು, ೧೯೩೮ರಲ್ಲಿ ಜೆ.ಜೆ. ಕಲಾಶಾಲೆಯ ಡಿಪ್ಲೊಮಾ ಪಡೆದು, ಮುಂದೆ ಅಲ್ಲಿಯೇ ಅಧ್ಯಾಪಕರಾದರು. ಯುದ್ಧ ಮುಗಿದ ಮೇಲೆ ಪ್ಯಾರಿಸಿಗೆ ಹೋಗಿ ಅಭ್ಯಾಸ ಮಾಡಿ ಮರಳಿ ಬಂದರು. ಹೋದವರಲ್ಲಿ ಹಲವರು ಅಲ್ಲಿಯೇ ನಿಂತರು, ಹೆಬ್ಬಾರರು ಮುಂಬಯಿಗೇ ಹಿಂತಿರುಗಿದರು. ರೇಖೆಯ ಲಯ ತಿಳಿಯಬೇಕೆಂದು ಕಥಕ್ ನೃತ್ಯವನ್ನು ಗುರುವಿನ ಬಳಿ ಕಲಿತರು. ಅವರ ರೇಖಾಚಿತ್ರಗಳ ಸಂಪುಟ ‘ದಿ ಸಿಂಗಿಂಗ್ ಲೈನ್’, ಎಂದರೆ ‘ಹಾಡುವ ಗೆರೆ’, ೧೯೬೪ರಲ್ಲಿ ಪ್ರಕಟವಾಯಿತು. ೧೯೬೧ರಲ್ಲಿ ಪದ್ಮಶ್ರೀಯೂ ೧೯೮೯ರಲ್ಲಿ ಪದ್ಮಭೂಷಣವೂ ಅವರಿಗೆ ಬಂದವು. ೧೯೯೬ರಲ್ಲಿ ಮುಂಬಯಿಯಲ್ಲಿಯೇ ಅವರು ತೀರಿಕೊಂಡರು.

ಇವೆಲ್ಲ ಪ್ರಸಿದ್ಧ ಸಂಗತಿಗಳು. ಅಷ್ಟು ಪ್ರಸಿದ್ಧವಲ್ಲದ ಒಂದು ಉಪಕಾರವನ್ನು ಇಲ್ಲಿ ಹೇಳಬೇಕು. ಸರ್ ಕಾವಸಜಿ ಜಹಾಂಗೀರರು ಕೊಟ್ಟ ದಾನದಿಂದ ೧೯೫೨ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ ತೆರೆಯಿತು. ನಗರಕ್ಕೆ ಇಂತಹದೊಂದು ಸ್ಥಳ ಬೇಕೆಂದು ಅವರನ್ನು ಒತ್ತಾಯಪಡಿಸಿದವರಲ್ಲಿ ಭಾಭಾ ಒಬ್ಬರು, ಹೆಬ್ಬಾರರು ಇನ್ನೊಬ್ಬರು. ಎಂದರೆ, ನಾವು ಅಂಜಿ ಹೊರಗೆ ನಿಂತಿದ್ದ ಆ ಬಾಗಿಲನ್ನು ತೆರೆಯಿಸಿದವರಲ್ಲಿ ನಮ್ಮ ಜಿಲ್ಲೆಯವರೇ ಒಬ್ಬರಿದ್ದರು! ಈ ಸಂಗತಿ ನಮಗೆ ತಿಳಿದುದು ಆ ಮಳೆಯ ದಿನದಿಂದ ಎಷ್ಟೋ ವರ್ಷಗಳ ಮೇಲೆ. ತಿಳಿದ ದಿನ ನಮಗಾದ ನಾಚಿಕೆ ಅಷ್ಟಿಷ್ಟಲ್ಲ.

ತುಂಬದ ಕಂದಕ

ಈಗ ಈ ಲೇಖನದ ಮುಖ್ಯ ಮಾತಿಗೆ ಬರುತ್ತೇವೆ. ಸಂಘ ಹುಟ್ಟಿದಾಗ ಅದರ ತರುಣರಿಗೆ ಒಂದು ಆಸೆಯಿತ್ತು: ಕಲೆಯನ್ನು ಜನರ ಬಳಿಗೆ ಒಯ್ಯಬೇಕು. ಅದು ಸಾಮಾನ್ಯರಿಗಾಗಿ ನಾಟಕ ಆಡುವ, ಕಥೆ ಬರೆಯುವ ಪ್ರಗತಿಶೀಲ ಚಳವಳಿಗಳ ಕಾಲ. ಆದರೆ ಎರಡೇ ವರ್ಷಗಳಲ್ಲಿ, ೧೯೪೯ರ ಪ್ರದರ್ಶನದ ಪುಸ್ತಿಕೆಯಲ್ಲಿ, ಆ ಆಸೆಯನ್ನು ತಾವು ಕೈಬಿಟ್ಟಿರುವುದಾಗಿ ಸೋಜಾ ಬರೆದರು. ಜನರೆಂದು ಕರೆಯಲ್ಪಡುವವರಿಗೂ ಕಲಾವಿದರಿಗೂ ನಡುವಿನ ಕಂದಕ ತುಂಬಲಾಗದ್ದು. ಆದುದರಿಂದ ವಸ್ತುವಿನಲ್ಲಿಯೂ ವಿಧಾನದಲ್ಲಿಯೂ ಪೂರ್ಣ ಸ್ವಾತಂತ್ರ್ಯದಿಂದ ತಾವು ಬರೆಯುವುದಾಗಿ ಅದರ ತಾತ್ಪರ್ಯ.

ಈ ಮಾತನ್ನು ಓದಿ ನಮಗೆ ಮೊದಲು ಸಿಟ್ಟು ಬಂದಿತು. ಮೋಟಾರು ತೊಳೆದ ಆರಾ ಸಂಘದಲ್ಲಿದ್ದಾಗ, ಸಿನೇಮಾ ಫಲಕ ಬರೆದ ಹುಸೇನ್ ಪಕ್ಕದಲ್ಲಿದ್ದಾಗ, ಹೊಲಿಗೆಯ ದುಡ್ಡಿನಲ್ಲಿ ಬೆಳೆದ ಸೋಜಾ ಈ ಮಾತನ್ನು ಬರೆಯಬಹುದೇ? ಇವರೇ ಜನರಲ್ಲವೇ?

ಅನಂತರ ಯೋಚಿಸಿದಾಗ, ತಪ್ಪು ಅವರದೊಂದೇ ಅಲ್ಲವೆಂದು ತೋರಿತು. ಬರೆದವರು ನಮ್ಮಂತ ಬಡವರು, ಕೊಂಡವರು ಶ್ರೀಮಂತರು. ಚಿತ್ರ ಒಂದೇ ಇರುತ್ತದೆ. ಅದು ಕಾದಂಬರಿಯಂತೆ ಸಾವಿರ ಪ್ರತಿಯಾಗಿ ವಾಚನಾಲಯಕ್ಕೆ ಬರುವುದಿಲ್ಲ, ಯಕ್ಷಗಾನದಂತೆ ಬಯಲಿನಲ್ಲಿ ಆಡುವುದಿಲ್ಲ. ಕೊಂಡವನ ಗೋಡೆಯೇ ಅದರ ಊರು. ಯುದ್ಧೋತ್ತರ ಕಾಲದ ಹೊಸ ಹಣ ಈ ಕಲೆಯನ್ನು ಬದುಕಿಸಿತು. ಅದೇ ಹಣ ಅದನ್ನು ನಮ್ಮ ಕಣ್ಣಿನಿಂದ ದೂರವೂ ಒಯ್ದಿತು. ೧೯೫೪ರಲ್ಲಿ ಹುಸೇನ್ ಬರೆದ ‘ಗ್ರಾಮಯಾತ್ರಾ’ ಎಂಬ ಚಿತ್ರದಲ್ಲಿ ಹಳ್ಳಿಯ ಬದುಕಿನ ಹದಿಮೂರು ದೃಶ್ಯಗಳಿವೆ. ಅದನ್ನು ಆಗಲೇ ನಾರ್ವೆಯ ವೈದ್ಯರೊಬ್ಬರು ಕೊಂಡರು. ಬಹುಕಾಲ ಅದು ಓಸ್ಲೋ ನಗರದ ಆಸ್ಪತ್ರೆಯ ಗೋಡೆಯ ಮೇಲಿತ್ತು. ೨೦೨೫ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ ಸುಮಾರು ೧೧೮ ಕೋಟಿ ರೂಪಾಯಿ. ಆ ಚಿತ್ರದಲ್ಲಿರುವಂತಹ ಹಳ್ಳಿಗಳಿಂದ ಬಂದವರು ಆ ಬೆಲೆಯನ್ನು ಪತ್ರಿಕೆಯಲ್ಲಿ ಓದಿ ಬೆರಗಾದರೇ ಹೊರತು ಚಿತ್ರವನ್ನು ನೋಡಿದವರಲ್ಲ.

ಹಾಗಾದರೆ ಕಂದಕ ತುಂಬಲಾಗದ್ದೇ? ಸೋಜಾ ತಮ್ಮ ದಡದಿಂದ ನೋಡಿ ತೀರ್ಪು ಕೊಟ್ಟರು. ನಮ್ಮ ದಡದಿಂದ ಯಾರೂ ಇನ್ನೂ ನೋಡಿಲ್ಲ. ಕಲೆಯನ್ನು ನಮ್ಮ ಬಳಿಗೆ ಒಯ್ಯುವ ಹೊಣೆ ಅವರದೆಂದು ನಾವು ಸುಮ್ಮನಿದ್ದೆವು. ನಾವೇ ನಾಲ್ಕು ಹೆಜ್ಜೆ ನಡೆದು ಹೋಗುವ ಹೊಣೆ ನಮ್ಮದಲ್ಲವೇ? ಊರಿನಲ್ಲಿ ಆಟ ನೋಡಲು ಗದ್ದೆಯ ಅಂಚಿನಲ್ಲಿ ಸೂಟೆ ಹಿಡಿದು ಮೈಲುಗಟ್ಟಲೆ ನಡೆದ ಹಿರಿಯರ ಮಕ್ಕಳು ನಾವು. ಬಣ್ಣದ ವೇಷದ ಮುಖವರ್ಣಿಕೆಯನ್ನು ಕಂಡು ಇಂಥ ಪಾತ್ರವೆಂದು ಗುರುತಿಸಬಲ್ಲ ಕಣ್ಣು ನಮಗಿದೆ. ಮನುಷ್ಯನ ಮುಖ ಮನುಷ್ಯನ ಮುಖದಂತೆಯೇ ಇರಬೇಕೆಂಬ ಹಟ ಆ ಕಣ್ಣಿಗೆ ಎಂದೂ ಇರಲಿಲ್ಲ. ರಾಕ್ಷಸನ ಚಿಟ್ಟಿಯನ್ನು ಒಪ್ಪಿದವನಿಗೆ ಹುಸೇನರ ಕುದುರೆಯನ್ನು ಒಪ್ಪುವುದು ಕಷ್ಟವೇ?

ಹೋಟೆಲಿನವರಿಗೆ ಇನ್ನೊಂದು ಮಾತು. ಜಹಾಂಗೀರ್ ಗ್ಯಾಲರಿಯೊಳಗೆ ೧೯೬೪ರಿಂದ ‘ಸಮೋವರ್’ ಎಂಬ ಸಣ್ಣ ಉಪಾಹಾರಗೃಹವಿತ್ತು. ಒಂದು ಓಣಿಯಷ್ಟೇ ಅಗಲದ ಸ್ಥಳ. ಚಿತ್ರಕಾರರೂ ಪತ್ರಕರ್ತರೂ ವಿದ್ಯಾರ್ಥಿಗಳೂ ಒಂದು ಚಹಾ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಅಲ್ಲಿ ಕೂಡುತ್ತಿದ್ದರು. ೨೦೧೫ರಲ್ಲಿ ಅದು ಮುಚ್ಚಿತು. ಗಲ್ಲೆಯ ಮೇಲೆ ಕುಳಿತು ಬಲ್ಲ ನಾವು ಹೇಳುತ್ತೇವೆ: ಒಂದು ಚಹಾದ ಮೇಲೆ ಗಂಟೆಗಟ್ಟಲೆ ಕುಳಿತ ಗಿರಾಕಿಯಿಂದ ಲಾಭವಿಲ್ಲ. ಆದರೆ ಅವನನ್ನು ಎಬ್ಬಿಸದ ಹೋಟೆಲಿನವನಿಗೆ ಕಲೆಯ ಚರಿತ್ರೆಯಲ್ಲಿ ಒಂದು ಸಾಲು ಸಿಗಬಹುದು.

ಜಹಾಂಗೀರ್ ಗ್ಯಾಲರಿಗೆ ಪ್ರವೇಶಧನವಿಲ್ಲ. ಅಲ್ಲಿ ತೂಗುವುದು ಬಹುಮಟ್ಟಿಗೆ ಇಂದಿನ ಚಿತ್ರಕಾರರ ಕೃತಿಗಳು. ಅವರಲ್ಲಿಯೂ ಊರು ಬಿಟ್ಟು ಬಂದವರಿದ್ದಾರೆ. ಅದರ ಪಕ್ಕದ ದೊಡ್ಡ ವಸ್ತುಸಂಗ್ರಹಾಲಯದಲ್ಲಿಯೂ, ಎದುರುಗಡೆ ಸ್ವಲ್ಪ ದೂರದ ಕಾವಸಜಿ ಜಹಾಂಗೀರ್ ಹಾಲಿನಲ್ಲಿ ೧೯೯೬ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದಲ್ಲಿಯೂ ಟಿಕೇಟು ಕೊಟ್ಟು ಒಳಗೆ ಹೋದರೆ, ಯಾವ ಪ್ರದರ್ಶನ ನಡೆದಿದೆಯೆಂಬುದಕ್ಕೆ ತಕ್ಕಂತೆ ಪ್ರಗತಿಶೀಲರ ಕೃತಿಗಳು ಕಾಣಸಿಗುತ್ತವೆ. ವಾರದ ರಜೆಯ ದಿನ ಮಲಗಿ ಕಳೆಯುವ ಸ್ನೇಹಿತರು ಒಂದು ಮಧ್ಯಾಹ್ನವನ್ನು ಇದಕ್ಕಾಗಿ ತೆಗೆದಿಡಲಿ. ಯಜಮಾನರು ತಮ್ಮ ಹುಡುಗರನ್ನು ವರ್ಷಕ್ಕೊಮ್ಮೆಯಾದರೂ ಕರೆದೊಯ್ಯಲಿ. ಸತ್ಯನಾರಾಯಣ ಪೂಜೆಯ ಊಟಕ್ಕೆ ಮಾಡುವ ಖರ್ಚಿನಲ್ಲಿ ಹತ್ತನೆಯ ಒಂದು ಪಾಲೂ ಇದಕ್ಕೆ ಬೇಕಾಗುವುದಿಲ್ಲ.

ಎಲ್ಲವೂ ಅರ್ಥವಾಗಲಿಕ್ಕಿಲ್ಲ. ನಮಗೂ ಎಲ್ಲವೂ ಅರ್ಥವಾಗುವುದಿಲ್ಲ. ಆದರೆ ಆ ದಿನ ಕೈಗಾಡಿಯವನ ಬೆನ್ನನ್ನು ಕಂಡಾಗ ನಮಗೆ ಅರ್ಥ ಹೇಳಿಕೊಡಲು ಯಾರೂ ಬೇಕಾಗಿರಲಿಲ್ಲ. ಕೆಳಗಿಟ್ಟ ಕಿಟಲಿಯಲ್ಲಿ ಚಹಾ ಆರಿಹೋಗಿತ್ತು. ತಡವಾಗಿ ಹೋದುದಕ್ಕೆ ಯಜಮಾನರಿಂದ ಬೈಸಿಕೊಂಡೆವು. ಆ ಬೈಗುಳನ್ನು ಇಂದಿಗೂ ನಾವು ಲಾಭದ ಲೆಕ್ಕಕ್ಕೇ ಸೇರಿಸುತ್ತೇವೆ.